ಗಾಲಿಯ ಮೇಲಿನ ಮನೆ: ನಾಗನೂರಿನಿಂದ ಉಳವಿಗೆ

ಬೆಳಗಾವಿ ಜಿಲ್ಲೆಯಲ್ಲಿ ನಾಗನೂರ ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಹುಕ್ಕೇರಿ ತಾಲೂಕಿನಲ್ಲಿಯೂ ಇವೆ, ಬೈಲಹೊಂಗಲ ತಾಲೂಕಿನಲ್ಲಿಯೂ ಇದೆ. ಬೆಳಗಾವಿಯ ರುದ್ರಾಕ್ಷಿಮಠದೊಂದಿಗೆ ಹೆಸರು ಸೇರಿಸಿಕೊಂಡ ನಾಗನೂರ ಬೈಲಹೊಂಗಲ ಸೀಮೆಯದು. ನಾನು ಇಲ್ಲಿ ಹೇಳಹೊರಟಿರುವುದು ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ನಾಗನೂರನ್ನು ಕುರಿತು. ಬ್ರಿಟಿಷರ ಕಾಲದಲ್ಲಿ ಧೂಪದಾಳದ ಬಳಿ ಘಟಪ್ರಭೆಗೆ ಕಟ್ಟಿದ ಒಡ್ಡು, ಅನಂತರ 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯ, ಇವುಗಳ ನೀರನ್ನು ಕಾಲುವೆಗಳು ಈ ಭಾಗಕ್ಕೆ ತಂದ ಮೇಲೆ ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಮಾಘ ಮಾಸದಲ್ಲಿ ಇಲ್ಲಿಗೆ ಬಂದವರಿಗೆ ಮೊದಲು ಕಾಣುವುದು ಕಬ್ಬು ಹೇರಿಕೊಂಡು ಕಾರಖಾನೆಯ ಕಡೆಗೆ ಸಾಲುಗಟ್ಟಿ ಸಾಗುವ ಟ್ರ್ಯಾಕ್ಟರುಗಳು. ಅವುಗಳ ನಡುವೆ ಅಪರೂಪಕ್ಕೊಮ್ಮೆ ಗೆಜ್ಜೆಯ ದನಿ ಕೇಳಿಸಿದರೆ ಅದು ಕಬ್ಬಿನ ಬಂಡಿಯದಲ್ಲ, ಯಾತ್ರೆಗೆ ಹೊರಟ ಚಕ್ಕಡಿಯದು ಎಂದು ತಿಳಿಯಬೇಕು.

ಭಾರತ ಹುಣ್ಣಿಮೆಯ ಸುಮಾರಿಗೆ ಉಳವಿಯಲ್ಲಿ ಚೆನ್ನಬಸವಣ್ಣನವರ ಜಾತ್ರೆ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ದಟ್ಟ ಅರಣ್ಯದ ನಡುವೆ ಇರುವ ಈ ಕ್ಷೇತ್ರಕ್ಕೆ ಬೆಳಗಾವಿ, ಧಾರವಾಡ, ಹಾವೇರಿ ಮೊದಲಾದ ಜಿಲ್ಲೆಗಳ ಒಕ್ಕಲು ಮನೆತನಗಳು ಚಕ್ಕಡಿ ಕಟ್ಟಿಕೊಂಡು ಬರುವ ರೂಢಿ ಬಹು ಹಿಂದಿನದು. 1167-68ರ ಸುಮಾರಿಗೆ ಕಲ್ಯಾಣದಲ್ಲಿ ವಿಪ್ಲವವಾದಾಗ ಶರಣರ ಒಂದು ಸಮೂಹವು ಚೆನ್ನಬಸವಣ್ಣನವರ ನೇತೃತ್ವದಲ್ಲಿ ವಚನದ ಕಟ್ಟುಗಳನ್ನು ಹೊತ್ತು, ಬೆನ್ನಟ್ಟಿ ಬಂದ ಸೈನ್ಯವನ್ನು ಎದುರಿಸುತ್ತ ಈ ಕಾಡನ್ನು ಸೇರಿತೆಂಬುದು ನಮ್ಮ ಪರಂಪರೆಯ ನಂಬಿಕೆ. ಅವರೊಡನೆ ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ ನಾಗಮ್ಮನವರೂ ಇದ್ದರು. ಒಂದು ಕುಟುಂಬ, ಒಂದು ಸಮಾಜ ತನ್ನ ಮನೆಯನ್ನೇ ಗಾಲಿಯ ಮೇಲೆ, ಹೆಗಲ ಮೇಲೆ ಏರಿಸಿಕೊಂಡು ಹೊರಟ ದಾರಿ ಅದು. ಇಂದಿನ ಚಕ್ಕಡಿಯ ಯಾತ್ರೆ ಆ ದಾರಿಯ ನೆನಪು.

ನಾಗನೂರಿನಿಂದ ಉಳವಿಗೆ ಸುಮಾರು 200 ಕಿಲೋಮೀಟರು. ಕಾರಿನಲ್ಲಿ ಕುಳಿತರೆ ಬೆಳಗಿನ ಉಪಾಹಾರ ಮುಗಿಸಿ ಹೊರಟು ಮಧ್ಯಾಹ್ನಕ್ಕೆ ಮುಟ್ಟಬಹುದು. ಎತ್ತಿನ ನಡಿಗೆ ತಾಸಿಗೆ ಮೂರು-ನಾಲ್ಕು ಕಿಲೋಮೀಟರಿನದು. ದಿನಕ್ಕೆ 25 ಕಿಲೋಮೀಟರು ನಡೆದರೆ ಎಂಟು ದಿನ ಬೇಕು. ಎಂಟು ದಿನದ ಬದುಕನ್ನು ಬಂಡಿಯೊಳಗೆ ಅಳವಡಿಸಬೇಕು. ಆದುದರಿಂದ ಯಾತ್ರೆ ಹೊರಡುವ ದಿನಕ್ಕಿಂತ ಅದರ ಹಿಂದಿನ ಹದಿನೈದು ದಿನಗಳೇ ನೋಡತಕ್ಕವು.

2025ರ ಜಾತ್ರೆಗೆ ಮುನ್ನ ನಾಗನೂರಿನ ಪರಿಚಿತರ ಮನೆಯೊಂದರಲ್ಲಿ ಈ ಸಿದ್ಧತೆಯನ್ನು ಮೂರು ದಿನ ಇದ್ದು ನೋಡುವ ಅವಕಾಶ ನನಗೆ ಒದಗಿತು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಹಿರಿಯ ಮಗ ಒಕ್ಕಲುತನ ಮಾಡಿಕೊಂಡಿದ್ದಾನೆ; ಕಿರಿಯ ಮಗ ಅಮೇರಿಕೆಯ ಡೆನ್ವರ್ ನಗರದಲ್ಲಿ ಎಂಜಿನಿಯರ್. ಅಂಗಳದಲ್ಲಿ ಚಕ್ಕಡಿಯ ಗಾಲಿ ಕಳಚಿ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದರು. ಡಾಂಬರು ರಸ್ತೆಯಲ್ಲಿ ಗೊರಸು ಸವೆಯಬಾರದೆಂದು ಎತ್ತುಗಳಿಗೆ ಹೊಸ ನಾಲು ಕಟ್ಟಿಸಿದ್ದರು. ಕುದುರೆಯ ಗೊರಸು ಒಂದೇ. ಎತ್ತಿನದು ಸೀಳಿರುವುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ನಾಲು ಬೇಕು. ಬಿದಿರಿನ ಕಮಾನು ಕಟ್ಟಿ, ಅದರ ಮೇಲೆ ಚಾಪೆ, ಅದರ ಮೇಲೆ ತಾಡಪಲ್ಲು ಹೊದಿಸಿದರು. ಹಿಂಬದಿಯಲ್ಲಿ ಕಣಕಿಯ ಸಿವುಡು, ಹಿಂಡಿಯ ಚೀಲ ಸೇರಿದಾಗ ಬಂಡಿಯ ಅರ್ಧ ಜಾಗ ತುಂಬಿಯೇ ಹೋಯಿತು. ಎತ್ತಿಗೆ ಮೇವೇ ಇಂಧನ. ಅದನ್ನು ಮೊದಲು ಹೇರಿ, ಉಳಿದ ಜಾಗದಲ್ಲಿ ಮನುಷ್ಯರು ತಮ್ಮ ಸಂಸಾರವನ್ನು ಹೊಂದಿಸಿಕೊಳ್ಳಬೇಕು.

ಒಳಗೆ ಇನ್ನೊಂದು ಸಿದ್ಧತೆ. ತಿಂಗಳಾದರೂ ಕೆಡದ ಕಟಕ ರೊಟ್ಟಿಯ ಅಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ, ಗೋಕಾಕದ ಕರದಂಟು, ಹುರಿದ ರವೆ, ಬೇಳೆ, ಉಪ್ಪು, ಖಾರ. ಅತ್ತೆ ಸೊಸೆಯರಿಬ್ಬರೂ ನಾಲ್ಕು ದಿನಗಳಿಂದ ಒಲೆಯ ಮುಂದೆಯೇ ಇದ್ದರು. ಹೇರುವ ಹೊತ್ತಿಗೆ ಒಂದು ಪಾತ್ರೆ ಹೆಚ್ಚಾಯಿತು, ಒಂದು ಗಾದಿ ಹೆಚ್ಚಾಯಿತು ಎಂದು ಯಜಮಾನರು ಕೆಳಗಿಳಿಸುತ್ತಿದ್ದರು. ಇದು ಎತ್ತಿನ ಹೆಗಲಿಗೆ ಭಾರ ಎನ್ನುವುದೊಂದೇ ಅವರ ಕಾರಣ. ಆ ಕಾರಣಕ್ಕೆ ಯಾರೂ ಎದುರಾಡಲಿಲ್ಲ.

ಇದೇ ವೃದ್ಧ ದಂಪತಿಗಳು 2024ರ ಬೇಸಿಗೆಯಲ್ಲಿ ಕಿರಿಯ ಮಗನ ಮನೆಗೆ ಹೋಗಿದ್ದರು. ಮಗನು ರಜೆ ಪಡೆದು, ತಂದೆತಾಯಿ, ಹೆಂಡತಿ, ಮಗಳು ಎಲ್ಲರನ್ನೂ ಕರೆದುಕೊಂಡು ಡೆನ್ವರಿನಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಮೋಟಾರುಮನೆಯಲ್ಲಿ ಹೊರಟನು. 1872ರಲ್ಲಿ ಸ್ಥಾಪಿತವಾದ ಆ ಉದ್ಯಾನ ಅಮೇರಿಕೆಯ ಮೊದಲನೆಯ ರಾಷ್ಟ್ರೀಯ ಉದ್ಯಾನ. ಡೆನ್ವರಿನಿಂದ ಅಲ್ಲಿಗೆ ಸುಮಾರು 900 ಕಿಲೋಮೀಟರು. ಮೋಟಾರುಮನೆಯೆಂದರೆ ನಮ್ಮ ಸಣ್ಣ ಬಸ್ಸಿನಷ್ಟು ದೊಡ್ಡ ವಾಹನ. ಅದರೊಳಗೆ ಹಾಸಿಗೆ, ಒಲೆ, ತಂಪುಪೆಟ್ಟಿಗೆ, ಸ್ನಾನಕ್ಕೆ ಶೌಚಕ್ಕೆ ಕೋಣೆ, ಊಟಕ್ಕೆ ಮೇಜು ಎಲ್ಲವೂ ಇರುತ್ತವೆ. ಬಾಡಿಗೆಗೂ ದೊರೆಯುತ್ತದೆ. ಹೊರಡುವ ಮುನ್ನ ಬಾಡಿಗೆಗೆ ಕೊಟ್ಟವರು ಒಂದು ತಾಸಿನವರೆಗೆ ಅದರ ಮರ್ಮಗಳನ್ನೆಲ್ಲ ತಿಳಿಸಿಕೊಟ್ಟರಂತೆ.

ಆ ವಿವರಗಳನ್ನು ಯಜಮಾನರು ನನಗೆ ಬಲು ಕುತೂಹಲದಿಂದ ಹೇಳಿದರು. ವಾಹನದ ಹೊಟ್ಟೆಯಲ್ಲಿ ಮೂರು ತೊಟ್ಟಿಗಳು: ಒಂದು ಶುದ್ಧ ನೀರಿಗೆ, ಒಂದು ಪಾತ್ರೆ ತೊಳೆದ, ಮಿಂದ ನೀರಿಗೆ, ಮೂರನೆಯದು ಶೌಚದ ಮಲಿನಕ್ಕೆ. ಶುದ್ಧ ನೀರು ಒಂದುನೂರ ಐವತ್ತು ಲೀಟರಿನಷ್ಟು. ಐದು ಜನಕ್ಕೆ ಅದೇ ಎರಡು ದಿನ. ಎಷ್ಟು ಉಳಿದಿದೆ ಎಂಬುದನ್ನು ಗೋಡೆಯ ಮೇಲಿನ ದೀಪ ತೋರಿಸುತ್ತದೆ. ಮಲಿನವನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ, ಅದಕ್ಕೆಂದೇ ಮಾಡಿದ ಸ್ಥಳದಲ್ಲಿ ಕೊಳವೆ ಜೋಡಿಸಿ ಬರಿದು ಮಾಡಬೇಕು. ಹೊರಡುವ ಮುನ್ನ ಪ್ರತಿಯೊಂದು ಕಪಾಟಿನ ಬಾಗಿಲನ್ನೂ ಚಿಲಕ ಹಾಕಬೇಕು, ಇಲ್ಲವಾದರೆ ಮೊದಲ ತಿರುವಿನಲ್ಲೇ ಪಾತ್ರೆಗಳು ನೆಲಕ್ಕೆ ಬೀಳುತ್ತವೆ. ವಾಹನದ ಎತ್ತರವನ್ನು ಚಾಲಕನು ನೆನಪಿನಲ್ಲಿಡಬೇಕು, ತಗ್ಗಾದ ಸೇತುವೆಯ ಕೆಳಗೆ ಅದು ತೂರಲಾರದು. ಇಂಧನದ ಹಸಿವೂ ದೊಡ್ಡದು: ಲೀಟರಿಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ಓಡದು. ಯೆಲ್ಲೋಸ್ಟೋನಿನಲ್ಲಿ ಕರಡಿಗಳಿರುವುದರಿಂದ ಆಹಾರವನ್ನು ರಾತ್ರಿ ಹೊರಗೆ ಬಿಡಬಾರದೆಂಬುದು ಕಟ್ಟುನಿಟ್ಟಿನ ನಿಯಮ.

ಇದನ್ನೆಲ್ಲ ಕೇಳಿದಾಗ, ಈ ವಾಹನ ಹೊಸದಾದರೂ ಅದರ ನಡಾವಳಿ ಹೊಸದಲ್ಲವೆಂದು ನನಗೆ ಅನಿಸಿತು. ಮೋಜಿಗಾಗಿ ಮನೆಬಂಡಿಯಲ್ಲಿ ತಿರುಗುವ ಅಭ್ಯಾಸ ಪಶ್ಚಿಮದವರಲ್ಲಿ ತೀರ ಹಳೆಯದೇನಲ್ಲ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾವೈದ್ಯರು 1885ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಕುದುರೆ ಎಳೆಯುವ ಮನೆಬಂಡಿಯೊಂದನ್ನು ಕಟ್ಟಿಸಿ, ಸ್ಕಾಟ್‌ಲೆಂಡಿನವರೆಗೆ ಪ್ರಯಾಣ ಮಾಡಿ ಪುಸ್ತಕ ಬರೆದರು. ಅದಕ್ಕೂ ಮೊದಲು ಮನೆಬಂಡಿಯೆಂಬುದು ಬಡವರ, ವಲಸೆಗಾರರ ಅನಿವಾರ್ಯವಾಗಿತ್ತು. 1840ರ ದಶಕದಿಂದ 1869ರಲ್ಲಿ ಖಂಡಾಂತರ ರೈಲುದಾರಿ ಪೂರ್ಣಗೊಳ್ಳುವವರೆಗೆ ಲಕ್ಷಾಂತರ ಅಮೇರಿಕನ್ನರು ಮುಸುಕು ಹೊದಿಸಿದ ಬಂಡಿಗಳಲ್ಲಿ ಮಿಸ್ಸೂರಿ ನದಿಯ ಕಡೆಯಿಂದ ಪಶ್ಚಿಮಕ್ಕೆ ಹೊರಟರು. ಅವರು ಒರೆಗಾನ್ ದಾರಿಯೆಂದು ಕರೆದ ಹಾದಿಯ ಉದ್ದ ಸುಮಾರು 3,200 ಕಿಲೋಮೀಟರು, ಪ್ರಯಾಣದ ಅವಧಿ ನಾಲ್ಕರಿಂದ ಆರು ತಿಂಗಳು. ಆ ಬಂಡಿಗಳನ್ನು ಹೆಚ್ಚಾಗಿ ಎಳೆದವು ಎತ್ತುಗಳೇ, ಕುದುರೆಗಳಲ್ಲ. ಭಾರ ಹೆಚ್ಚಾಗದಂತೆ ಜನರು ಬಂಡಿಯ ಪಕ್ಕದಲ್ಲಿ ನಡೆದೇ ಹೋದರು. ಎತ್ತುಗಳು ಸೋತಲ್ಲಿ ಕಪಾಟು, ಪೆಟ್ಟಿಗೆ, ಕಬ್ಬಿಣದ ಒಲೆಗಳನ್ನು ದಾರಿಯ ಬದಿಗೆ ಎಸೆದು ಮುಂದೆ ಸಾಗಿದರು. ಆ ವಲಸೆಯಿಂದ ಅಲ್ಲಿನ ಮೂಲನಿವಾಸಿಗಳು ತಮ್ಮ ನೆಲವನ್ನೇ ಕಳೆದುಕೊಂಡರು ಎಂಬುದನ್ನೂ ಮರೆಯಲಾಗದು.

ವಯೋಮಿಂಗ್ ಪ್ರಾಂತದ ಗರ್ನ್ಸಿ ಎಂಬಲ್ಲಿ ಆ ದಾರಿಯ ಗುರುತು ಇಂದಿಗೂ ಉಳಿದಿದೆ. ಮರಳುಗಲ್ಲಿನ ದಿಬ್ಬದ ಮೇಲೆ ಬಂಡಿಯ ಗಾಲಿಗಳು ತೇಯ್ದು ತೇಯ್ದು, ಕೆಲವೆಡೆ ನಾಲ್ಕೈದು ಅಡಿ ಆಳದ ಹಳ್ಳಗಳಾಗಿವೆ. ಡೆನ್ವರಿನಿಂದ ಉತ್ತರಕ್ಕೆ ಹೋಗುವವರು ಸ್ವಲ್ಪ ದಾರಿ ತಿರುಗಿಸಿದರೆ ನೋಡಬಹುದು. ಮಗನು ತಂದೆಯನ್ನು ಅಲ್ಲಿಗೆ ಕರೆದೊಯ್ದನು. ಬಿಸಿನೀರಿನ ಬುಗ್ಗೆಗಳನ್ನೂ ಕಾಡುಕೋಣಗಳನ್ನೂ ಕಂಡು ಬಂದ ಯಜಮಾನರು ಹೆಚ್ಚು ಹೊತ್ತು ಮಾತನಾಡಿದ್ದು ಈ ಹಳ್ಳಗಳ ವಿಷಯ. ಅವರು ಬಾಗಿ ಗಾಲಿಯ ಜಾಡಿಗೆ ಕೈಯಿಟ್ಟು ನೋಡಿದರಂತೆ. ಎರಡು ಗಾಲಿಗಳ ನಡುವಿನ ಅಂತರವನ್ನು ಗೇಣಿನಲ್ಲಿ ಅಳೆದರಂತೆ. ನಾಗನೂರಿನ ಒಕ್ಕಲಿಗನಿಗೆ ಆ ಪರದೇಶದಲ್ಲಿ ಯಾರೂ ವಿವರಿಸದೆ ತಿಳಿದ ವಸ್ತು ಅದೊಂದೇ ಆಗಿದ್ದಿರಬೇಕು.

ಅವರ ಧರ್ಮಪತ್ನಿಯವರಿಗೆ ಮಾತ್ರ ಮೋಟಾರುಮನೆಯ ಬೇರೆಯೊಂದು ವಿಷಯ ನೆನಪಿನಲ್ಲಿ ನಿಂತಿತ್ತು. ಆ ವಾಹನದಲ್ಲಿ ಅಡುಗೆಮನೆಗೆ ಗೋಡೆಯಿಲ್ಲ. ಒಲೆಯ ಮುಂದೆ ಯಾರು ನಿಂತಿದ್ದಾರೆ, ಮೇಜಿನ ಮುಂದೆ ಯಾರು ಕುಳಿತಿದ್ದಾರೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೊದಲನೆಯ ಸಂಜೆ ಅಭ್ಯಾಸದಂತೆ ಅವರೇ ಒಲೆ ಹೊತ್ತಿಸಲು ಎದ್ದಾಗ ಮಗನು ತಡೆದು, ತಾನು ಚಹಾ ಕಾಸಿ ತಾಯಿಯ ಕೈಗಿತ್ತನು. ಊಟದ ಪಾತ್ರೆ ತೊಳೆದನು. ಮಲಿನದ ಕೊಳವೆ ಜೋಡಿಸುವ ಹೊಲಸು ಕೆಲಸವನ್ನೂ ತಾನೇ ಮಾಡಿದನು. ಐವತ್ತು ವರ್ಷದ ಸಂಸಾರದಲ್ಲಿ ಇನ್ನೊಬ್ಬರು ಕಾಸಿದ ಚಹಾವನ್ನು ಕುಳಿತು ಕುಡಿದದ್ದು ಅದೇ ಮೊದಲೆಂದು ಆ ತಾಯಿ ನಗುತ್ತ ಹೇಳಿದರು. ಪಕ್ಕದಲ್ಲಿ ಕುಳಿತಿದ್ದ ಯಜಮಾನರು ನಗಲಿಲ್ಲ.

ನನಗೆ ಈ ಪ್ರಸಂಗ ಬಹಳ ದೊಡ್ಡದೆಂದು ತೋರಿತು. ಎತ್ತಿನ ಹೆಗಲ ಮೇಲಿನ ಭಾರವನ್ನು ಕಾಣಬಲ್ಲ ಕಣ್ಣು, ಮನೆಯ ಹೆಣ್ಣುಮಕ್ಕಳ ಮೇಲಿನ ಭಾರವನ್ನು ಏಕೆ ಕಾಣುವುದಿಲ್ಲ? ದೊಡ್ಡ ಮನೆಯಲ್ಲಿ ಅದು ಗೋಡೆಯ ಹಿಂದೆ ಅಡಗಿರುತ್ತದೆ. ಮನೆಯನ್ನು ಗಾಲಿಯ ಮೇಲೆ ಏರಿಸಿದಾಗ ಗೋಡೆಗಳು ಕಳಚಿಬೀಳುತ್ತವೆ, ಯಾರು ಎಳೆಯುತ್ತಾರೆ, ಯಾರು ಕುಳಿತು ಸಾಗುತ್ತಾರೆ ಎಂಬ ಲೆಕ್ಕ ಬಯಲಾಗುತ್ತದೆ. ಮಠದ ಪ್ರಸಾದನಿಲಯದಲ್ಲಿ ಬೆಳೆದ ನನ್ನಂಥವರು ಎಳೆವೆಯಿಂದಲೇ ತಾವು ಉಂಡ ತಾಟನ್ನು ತಾವೇ ತೊಳೆದವರು. ನೀರು ಹೊತ್ತವರು, ರೊಟ್ಟಿಯ ಹಿಟ್ಟು ನಾದಿದವರು. ಕಾಯಕಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಶರಣರು ಬೋಧಿಸಿದ ಸಮಾಜ ನಮ್ಮದು. ಆದರೂ ಉಳವಿಯ ದಾರಿಯಲ್ಲಿ ಬಂಡಿ ಬಿಟ್ಟ ಬಯಲುಗಳಲ್ಲಿ ನಾನು ಕಂಡ ನೋಟವೇನು? ಗಂಡಸರು ಎತ್ತು ಬಿಚ್ಚಿ, ಮೇವು ಹಾಕಿ, ಚಾಪೆಯ ಮೇಲೆ ಒರಗುತ್ತಾರೆ. ದಿನವಿಡೀ ಬಂಡಿಯಲ್ಲಿ ಅಲುಗಾಡಿ ಬಂದ ಹೆಂಗಸರು ಮೂರು ಕಲ್ಲು ಹೂಡಿ, ಕಟ್ಟಿಗೆ ಆಯ್ದು, ಹಳ್ಳದಿಂದ ನೀರು ತಂದು ಅಡುಗೆಗೆ ತೊಡಗುತ್ತಾರೆ.

ಹೊರಡುವ ಮುನ್ನ ಆ ಮನೆಯಲ್ಲಿ ಇನ್ನೊಂದು ಚರ್ಚೆಯೂ ನಡೆದಿತ್ತು. ಎತ್ತುಗಳಿಗೆ ವಯಸ್ಸಾಗುತ್ತ ಬಂದಿದೆ, ಟ್ರ್ಯಾಕ್ಟರಿನ ಟ್ರೇಲರಿಗೆ ಮಾಡು ಕಟ್ಟಿಕೊಂಡು ಹೋಗೋಣ, ಎರಡೇ ದಿನದ ದಾರಿ ಎಂಬುದು ಹಿರಿಯ ಮಗನ ಅಭಿಪ್ರಾಯ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೂ ಚಿಂಚಲಿಯ ಮಾಯಕ್ಕನ ಜಾತ್ರೆಗೂ ಇಂದು ಈ ಸೀಮೆಯ ಅನೇಕ ಕುಟುಂಬಗಳು ಹೋಗುವುದು ಹೀಗೆಯೇ. ಬಿದಿರು ಬಾಗಿಸಿ ಮಾಡು, ಒಳಗೆ ಗ್ಯಾಸಿನ ಒಲೆ, ಬ್ಯಾಟರಿಯ ದೀಪ. ಅದು ನಮ್ಮ ನಾಡಿನ ಮೋಟಾರುಮನೆಯೇ ಸರಿ. ಆದರೆ ಟ್ರೇಲರು ಸರಕು ಸಾಗಿಸಲು ಮಾಡಿದ್ದು. ಅದರಲ್ಲಿ ಜನರನ್ನು ಕೂಡಿಸಿಕೊಂಡು ಹೋಗಲು ಮೋಟಾರು ವಾಹನಗಳ ಕಾನೂನು ಒಪ್ಪುವುದಿಲ್ಲ. ಪರದೇಶದ ಮೋಟಾರುಮನೆಯಲ್ಲಿ ಓಡುವಾಗ ಮಕ್ಕಳನ್ನೂ ಪಟ್ಟಿ ಬಿಗಿದು ಕೂಡಿಸುತ್ತಾರೆ. ಟ್ರೇಲರಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯೂ ಇರುವುದಿಲ್ಲ. ಅದು ಮಗುಚಿ ಸಾವು ನೋವು ಸಂಭವಿಸಿದ ಸುದ್ದಿಗಳನ್ನು ನಾವು ಜಾತ್ರೆಯ ದಿನಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ.

ಹಾಗೆಂದು ಚಕ್ಕಡಿಯೆಲ್ಲವೂ ಧರ್ಮದ ದಾರಿಯೆಂದು ಹೇಳುವಂತಿಲ್ಲ. ಭಾರ ಎಳೆಯುವ ಪ್ರಾಣಿಗಳ ಬಗೆಗೆ 1965ರ ನಿಯಮಗಳು ನಮ್ಮ ದೇಶದಲ್ಲಿವೆ: ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ವಿಶ್ರಾಂತಿಯಿಲ್ಲದೆ ಐದು ತಾಸಿಗಿಂತ ಹೆಚ್ಚು ನಡೆಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು. ಪೈಪೋಟಿಗೆ ಬಿದ್ದು ಬಂಡಿ ಓಡಿಸುವ ತರುಣರು ಇದನ್ನು ತಿಳಿಯಬೇಕು. 2022ರಲ್ಲಿ ಚರ್ಮಗಂಟು ರೋಗ ಕರ್ನಾಟಕದ ದನಕರುಗಳನ್ನು ಕಾಡಿದಾಗ ದನಗಳ ಸಂತೆ ಜಾತ್ರೆಗಳಿಗೆ ನಿರ್ಬಂಧ ಬಂದುದನ್ನು ಮರೆಯಬಾರದು; ಲಸಿಕೆ ಹಾಕಿಸದ ಎತ್ತನ್ನು ದೂರದ ಯಾತ್ರೆಗೆ ಹೂಡುವುದು ಉಳಿದ ದನಗಳಿಗೂ ಅಪಾಯ.

ಕೊನೆಗೆ ಯಜಮಾನರೇ ತೀರ್ಮಾನ ಹೇಳಿದರು. ಈ ಬಾರಿ ಚಕ್ಕಡಿಯೇ. ಆದರೆ ದಿನಕ್ಕೆ 20 ಕಿಲೋಮೀಟರಿಗಿಂತ ಹೆಚ್ಚಿಲ್ಲ, ಎಂಟು ದಿನದ ದಾರಿಗೆ ಹತ್ತು ದಿನ. ಏರು ಬಂದಲ್ಲಿ ಎಲ್ಲರೂ ಇಳಿದು ನಡೆಯಬೇಕು. ಬಳಿಕ ಸ್ವಲ್ಪ ತಡೆದು, ಬಂಡಿ ಬಿಟ್ಟಲ್ಲಿ ನೀರು ತರುವುದು, ಒಲೆ ಹೂಡುವುದು, ಪಾತ್ರೆ ಬೆಳಗುವುದು ಗಂಡಸರ ಪಾಲು ಎಂದರು. ಹಿರಿಯ ಮಗ ತಂದೆಯ ಮುಖವನ್ನು ನೋಡಿದನು, ಏನೂ ಹೇಳಲಿಲ್ಲ. ಸೊಸೆ ಒಳಗಿನಿಂದ ಇನ್ನೊಂದು ಕೊಡವನ್ನು ತಂದು ಬಂಡಿಯ ಹಿಂಬದಿಗೆ ಕಟ್ಟಿದಳು. ಅದನ್ನು ಮಾತ್ರ ಯಜಮಾನರು ಕೆಳಗಿಳಿಸಲಿಲ್ಲ.

ಅವರು ಹಿಡಿದ ದಾರಿಯೇ ಒಂದು ಪಾಠಶಾಲೆ. ಗೋಕಾಕ, ಬೈಲಹೊಂಗಲಗಳನ್ನು ದಾಟಿ ಮುಗುಟಖಾನ ಹುಬ್ಬಳ್ಳಿಗೆ ಬಂದರೆ ಅಲ್ಲಿ ಮಲಪ್ರಭೆಯ ಮಡಿಲಲ್ಲಿ ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರ ಐಕ್ಯಸ್ಥಳ. ಮುಂದೆ ಖಾನಾಪುರ ತಾಲೂಕಿನ ಕಕ್ಕೇರಿ; ಶರಣ ಸಮೂಹವನ್ನು ಕಾಯುತ್ತ ಡೋಹರ ಕಕ್ಕಯ್ಯನವರು ಇಲ್ಲಿ ಪ್ರಾಣ ತೆತ್ತರೆಂದು ಪ್ರತೀತಿ. ಹಳಿಯಾಳ ದಾಟಿದ ಮೇಲೆ ಎರೆಯ ಹೊಲಗಳು ಮುಗಿದು ಸಾಗುವಾನಿ, ಬಿದಿರಿನ ಕಾಡು ತೊಡಗುತ್ತದೆ. ದಾಂಡೇಲಿಯಲ್ಲಿ ಕಾಳಿ ನದಿ. ಅದರ ಮೇಲ್ಭಾಗದಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು. ಆ ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿ, ಅಲ್ಲಿನ ಕುಟುಂಬಗಳು ಮನೆ ಹೇರಿಕೊಂಡು ಬೇರೆಡೆಗೆ ಹೋಗಬೇಕಾಯಿತು. ಮುಂದೆ ಜೋಯಿಡಾ ಮಾರ್ಗವಾಗಿ ಕಾಡೊಳಗೆ ಸಾಗಿದರೆ ಉಳವಿ. 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾದ ಈ ಅರಣ್ಯದಲ್ಲಿ ಬೆಂಕಿ ಹೊತ್ತಿಸಿ ಬಿಟ್ಟು ಹೋಗುವುದು, ಪ್ಲಾಸ್ಟಿಕ್ ಎಸೆಯುವುದು ಮಹಾಪರಾಧ. ಯೆಲ್ಲೋಸ್ಟೋನಿಗೆ ಹೋದವರು ತಮ್ಮ ಕಸವನ್ನು ತಾವೇ ಹೊತ್ತು ತರುವುದಾದರೆ, ಚೆನ್ನಬಸವಣ್ಣನವರ ಸನ್ನಿಧಿಗೆ ಹೋದ ನಾವೇಕೆ ತರಬಾರದು? ಉಳವಿಯ ಕಾಡಿನಲ್ಲಿ ಮಹಾಮನೆ ಗವಿ, ಅಕ್ಕನಾಗಮ್ಮನ ಗವಿ, ಹರಳಯ್ಯನ ಚಿಲುಮೆ ಇವೆ. ಕಲ್ಯಾಣದ ಮಹಾಮನೆಯನ್ನು ಬಿಟ್ಟು ಬಂದವರು ಗವಿಯನ್ನೇ ಮಹಾಮನೆಯೆಂದು ಕರೆದರೆಂಬುದನ್ನು ಅಲ್ಲಿ ನಿಂತು ಆಲೋಚಿಸಬೇಕು.

ಈ ವರ್ಷ ಯಾತ್ರೆಗೆ ಹೊರಡುವ ಕುಟುಂಬಗಳಲ್ಲಿ ನನ್ನದೊಂದು ವಿನಂತಿ. ಚಕ್ಕಡಿಯಾಗಲಿ, ಕಾರಾಗಲಿ, ಪರದೇಶದಲ್ಲಿರುವ ಮಕ್ಕಳೊಡನೆ ಮೋಟಾರುಮನೆಯಾಗಲಿ, ಗಾಲಿ ಉರುಳುವ ಮುನ್ನ ಎಲ್ಲರೂ ಒಂದೆಡೆ ಕುಳಿತು ಎರಡು ಪಟ್ಟಿ ಮಾಡಿರಿ. ಏನು ಹೇರಬೇಕು ಎಂಬುದು ಒಂದು. ಯಾರು ಯಾವ ಕೆಲಸ ಮಾಡಬೇಕು ಎಂಬುದು ಇನ್ನೊಂದು. ಮೊದಲನೆಯ ಪಟ್ಟಿಯನ್ನು ನಮ್ಮ ಮನೆಗಳಲ್ಲಿ ಯಾವಾಗಲೂ ಮಾಡುತ್ತಾರೆ. ಎರಡನೆಯದನ್ನು ಮಾಡುವ ರೂಢಿಯಿಲ್ಲ. ಅದನ್ನು ಮಾಡಿದ ಮನೆಯವರು ಊರಿಗೆ ಮರಳಿದ ಮೇಲೂ ಆ ಪಟ್ಟಿಯನ್ನು ಹರಿಯದೆ ಅಡುಗೆಮನೆಯ ಗೋಡೆಗೆ ಅಂಟಿಸಿಡಲಿ. ನಾಗನೂರಿನ ಆ ಮನೆಯವರು ಉಳವಿಯಿಂದ ಬಂದ ಮೇಲೆ ಮುದಿಯಾದ ಎತ್ತುಗಳನ್ನು ಸಂತೆಗೆ ಹೊಡೆಯಲಿಲ್ಲ. ನೊಗವಿಳಿಸಿ ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸುತ್ತಿದ್ದಾರೆ. ಬೆಳಗಿನ ಚಹಾವನ್ನು ಈಗ ಯಜಮಾನರೇ ಕಾಸುತ್ತಾರೆಂದು ಕೇಳಿದ್ದೇನೆ.